ಬತ್ತಿಯಿಲ್ಲದ್ದು

ಮೂವತ್ತೊಂದು ವರ್ಷ ನಾನು
ಅಯೋವಾದ ಈ ಊರಿನ ಧಾನ್ಯದ ಗೋಪುರದ ಕೆಳಗೆ
ಲಾರಿ ತೂಗಿದವಳು.
ತುಂಬಿ ಬಂದದ್ದೆಷ್ಟು, ಬರಿದಾಗಿ ಹೋದದ್ದೆಷ್ಟು,
ಕಳೆದರೆ ಉಳಿದದ್ದು ಸೋಯಾ.
ಅದರ ಧೂಳು ನನ್ನ ಹುಬ್ಬಿನಲ್ಲಿ, ಊಟದ ಡಬ್ಬಿಯಲ್ಲಿ,
ಒಗೆದರೂ ಬಿಡದೆ ಕೋಟಿನ ಕಂಕುಳಲ್ಲಿ.
ಹಸಿ ಬಟಾಣಿ, ಹಳೆ ಕಾಗದ, ಸ್ವಲ್ಪ ಇಲಿ:
ಹಾಗಿತ್ತು ವಾಸನೆ. ಯಾರೂ ಅದನ್ನು ಶೀಶೆಗೆ ತುಂಬಲಿಲ್ಲ.

ಈಗ ಅಂಚೆಯಲ್ಲಿ ಬಂದಿದೆ ಹತ್ತು ಪೌಂಡಿನ ಚೀಲ,
ಸೋಯಾ ಮೇಣ, ಬಿಳಿ ಚಕ್ಕೆ.
ಕತ್ತರಿಯಿಂದ ಬಾಯಿ ಬಿಡಿಸಿ ಮೂಗಿಟ್ಟೆ.
ಏನೂ ಇಲ್ಲ.
ಇಷ್ಟು ವರ್ಷದ ಪರಿಚಯ,
ಗುರುತೇ ಹಿಡಿಯಲಿಲ್ಲ ಕಾಳು.

ತರಿಸುವ ಮೊದಲು ಅಳೆದೂ ಸುರಿದೂ ಒಂದು ತಿಂಗಳು.
ಪಕ್ಕದ ಮನೆಯ ಟ್ವೈಲಾ ಹೇಳಿದಳು, ಪ್ಯಾರಾಫಿನ್ ತಗೋ ಆರ್ಲಿಸ್,
ಇವತ್ತು ಎರೆ, ನಾಳೆ ಬೀದಿಗೆಲ್ಲ ಘಮ.
ನಿಜ, ಅವಳ ದಾಲ್ಚಿನ್ನಿ ನನ್ನ ಅಂಗಳ ದಾಟಿ
ಅಂಚೆಯವನ ಜೊತೆ ಮುಂದಿನ ಬೀದಿಗೂ ಹೋಗುತ್ತದೆ.
ಜೇನುಮೇಣ ಮುಟ್ಟಿ ನೋಡಿದೆ. ಅದಕ್ಕೆ ಅದರದೇ ಮಾತು;
ಏನು ಬೆರೆಸಿದರೂ ನಡುವೆ ಬಾಯಿ ಹಾಕುತ್ತದೆ,
ಚರ್ಚಿನ ಮುಂದಿನ ಬೆಂಚಿನವರ ಹಾಗೆ.
ತಾಳೆಯದು ಗಟ್ಟಿ, ಹರಳು ಹರಳು, ಚಂದವೇ.
ಯಾವ ಕಾಡು ಕಡಿದರೋ, ಎಂದು ಮುಖ ಕಿವುಚಿದಳು ಟ್ವೈಲಾಳ ಮಗಳು.
ನನಗೆ ಬೇಕಾದದ್ದು ಸುಮ್ಮನಿದ್ದು ಕೇಳಿಸಿಕೊಳ್ಳುವ ಮೇಣ.
ಒಂದು ಬಲ್ಬಿನ ಬಿಸಿಗೇ ಕರಗಬೇಕು.
ಬತ್ತಿ ಕೂಡದು. ಬೆಂಕಿ ಕೂಡದು.

ಯಾಕೆಂದರೆ ಡೆಲ್ಬರ್ಟ್.
ನನ್ನ ತಮ್ಮ. ನಲವತ್ತು ವರ್ಷ ಶಾಲೆಯ ಬಾಯ್ಲರ್ ಕಾದವನು,
ಈಗ ಮೂಗಿಗೆ ನಳಿಗೆ, ಮಗ್ಗುಲಲ್ಲಿ ಆಮ್ಲಜನಕ.
ಅವನ ಕೋಣೆಯ ಬಾಗಿಲಿಗೆ ಕೆಂಪು ಫಲಕ:
ಬೆಂಕಿಕಡ್ಡಿ ಗೀರಬೇಡಿ.
ಹುಟ್ಟುಹಬ್ಬದ ಕೇಕಿನ ಮೇಲೂ ಏನೂ ಉರಿಯಲಿಲ್ಲ;
ಅರವತ್ತೆಂಟನ್ನು ಅವನು ಸುಮ್ಮನೆ ಊದಿದ.

ಯಾವ ವಾಸನೆ ಬೇಕೋ, ಕೇಳಿದೆ.
ಲ್ಯಾವೆಂಡರ್? ಸೇಬಿನ ಪೈ?
ತುಂಬ ಹೊತ್ತು ಚಾವಣಿ ನೋಡಿ ಅಂದ:
ಒಗೆದ ಬಟ್ಟೆ. ಚಳಿಗಾಲದ್ದು.
ಹೊರಗೆ ತಂತಿಯ ಮೇಲೆ ಹೆಪ್ಪುಗಟ್ಟಿದ್ದನ್ನು
ಅಮ್ಮ ಒಳಗೆ ತಂದು ಒಲೆಯ ಹತ್ತಿರ
ಹಲಗೆಯ ಹಾಗೆ ನಿಲ್ಲಿಸುತ್ತಿದ್ದಳಲ್ಲ,
ಅದು.

ಆ ಹೆಸರಿನ ಎಣ್ಣೆ ಯಾರೂ ಮಾರುವುದಿಲ್ಲ.
ಪುದೀನ ಎರಡು ಹನಿ, ಹತ್ತಿ ಎಂದು ಬರೆದ ಶೀಶೆಯಿಂದ ಒಂದಿಷ್ಟು,
ಇನ್ನೊಂದು ಶೀಶೆಯ ಹೆಸರು ಮೋಡ; ಮೋಡ ಮೂಸಿದವರು ಯಾರೋ.
ಮೊದಲ ಸಲ ಅವಸರಕ್ಕೆ ಬಿಸಿಬಿಸಿಯೇ ಎರೆದೆ:
ಮೇಲೆ ಬಿರುಕು, ನಡುವೆ ಗುಳಿ,
ಬೆಳಗಾಗುವಾಗ ಮೈತುಂಬ ಬೂದಿಯಂಥ ಬಿಳಿ ಹೂ.
ಹಿಮ ಬಿದ್ದ ಹಾಗಿದೆ, ಎಸೀಬೇಡ, ಅಂದ ಡೆಲ್ಬರ್ಟ್.
ಎರಡನೆಯ ಸಲ ಬಿಟ್ಟು ನೋಡಿದೆ,
ಮಸುಕಾಗಿ, ಗಂಜಿಯ ಹದಕ್ಕೆ ಬರುವವರೆಗೆ.
ಆರು ಗುಳಿಯ ಅಚ್ಚು, ಟಾರ್ಟಿನ ಹಾಗೆ ಅಂಚಿಗೆ ನೆರಿಗೆ;
ಕಂಡ ಮಕ್ಕಳು ಕಚ್ಚಿಯೇಬಿಟ್ಟಾರು.

ಆಮೇಲೆ ಎರಡು ವಾರ ಕಾಯಬೇಕು.
ಸೋಯಾ ನಿಧಾನಿ. ಘಮವನ್ನು ಒಳಗೆ ಬರಗೊಟ್ಟು,
ಕೂರಿಸಿ, ಒಪ್ಪಿಕೊಂಡು, ಆಮೇಲೆ ಕೊಡುತ್ತದೆ.
ಟ್ವೈಲಾ ಕೇಳಿದಳು: ಅಷ್ಟು ದಿನ ಇದೆಯಾ ನಿಮ್ಮ ಹತ್ತಿರ?
ಡಬ್ಬಿಯ ಮುಚ್ಚಳದ ಮೇಲೆ ಮಾರ್ಚ್ ಹದಿನೇಳು ಎಂದು ಬರೆದು
ಬೀರುವಿನಲ್ಲಿಟ್ಟೆ.
ತೂಕದವಳು ನಾನು.
ಪೂರ್ತಿ ನಿಲ್ಲದ ಮುಳ್ಳನ್ನು ಓದುವುದಿಲ್ಲ.

ಹದಿನೇಳಕ್ಕೆ ಬಲ್ಬು ಹಾಕಿದೆವು.
ಟಾರ್ಟು ನೆರಿಗೆಯಿಂದ ಶುರುವಾಗಿ ಕರಗಿತು, ಸದ್ದಿಲ್ಲದೆ.
ಘಮ ಟ್ವೈಲಾಳದಷ್ಟು ಜೋರಲ್ಲ, ಹೊಸಲು ದಾಟಲಿಲ್ಲ.
ಡೆಲ್ಬರ್ಟ್ ಮೂಗರಳಿಸಿದ.
ಅದಲ್ಲ, ಅಂದ.
ಸ್ವಲ್ಪ ಹೊತ್ತು ಬಿಟ್ಟು:
ಆದರೆ ಆ ಅಂಗಿ ನೆನಪಾಯ್ತು. ನೀಲಿ ಚೌಕಳಿ.
ಒಂದು ಗುಂಡಿ ಇರಲಿಲ್ಲ.
ಆ ಗುಂಡಿ ಕಿತ್ತವಳು ನಾನು. ಹೇಳಲಿಲ್ಲ.

ಮನೆಗೆ ಬಂದು ಪಾತ್ರೆ ತೊಳೆದೆ. ಸೋಯಾದ ಇನ್ನೊಂದು ಗುಣ:
ಬಿಸಿನೀರು, ಸೋಪು, ಹೋಯಿತು.
ಉಗುರ ಸಂದಿನಲ್ಲಿ ಒಂದು ಚೂರು ಉಳಿಯಿತು.
ಬಿಟ್ಟೆ.